ಗುಂಡಿ ಲೆಕ್ಕ

ಹಾಳೆಯ ನಡುವೆ ಉದ್ದಕ್ಕೊಂದು ಗೆರೆ ಎಳೆದೆ.
ಬಲಕ್ಕೆ ಬಲ.
ಎಡಕ್ಕೆ, ಎಡವಿದ್ದು.
ಪೈಪೋಟಿ, ಸುಂಕ, ಗಡಿಯಾಚೆಯ ಯುದ್ಧ ನಿಮಗೆ ಬೇಡ,
ಒಳಗಿನದಷ್ಟೇ ನೋಡಿ ಬನ್ನಿ ಎಂದಿದ್ದರು
ಸಾಲ ಕೊಡಬೇಕಾದ ಬ್ಯಾಂಕಿನವರು.

ಪೋಲೆಂಡಿನ ವುಚ್. ಅವರ ಮಾತಿನಲ್ಲಿ ದೋಣಿ ಎಂದರ್ಥ.
ಹೇಳಿಕೊಳ್ಳುವಂಥ ಹೊಳೆಯಿಲ್ಲ ಊರಿಗೆ.
ಕೆಂಪಿಟ್ಟಿಗೆಯ ಹಳೇ ನೂಲಿನ ಗಿರಣಿ, ಮೂರನೇ ಮಹಡಿ.
ಅಂಗಿಯ ಗುಂಡಿ, ಕೋಟಿನ ಗುಂಡಿ,
ಕೊಂಬಿನದು, ಚಿಪ್ಪಿನದು, ಹಿತ್ತಾಳೆಯದು,
ಹನ್ನೊಂದು ಸಾವಿರ ಬಗೆ.
ಎಲ್ಲೋ ಯಾರೋ ಒಂದು ಗುಂಡಿ ಒತ್ತಿದರೆ
ಇಲ್ಲಿಂದ ಒಂದು ಗುಂಡಿ ಹೊರಡುತ್ತದೆ.

ಬಲ: ಬೆಳಗಿನ ಬೇಡಿಕೆ ಸಂಜೆ ನಾಲ್ಕರ ವ್ಯಾನು ಹತ್ತುತ್ತದೆ.
ಬಲ: ಬಾಡಿಗೆ ಅಗ್ಗ.
ಎಡ: ಫೋನಿನ ಪರದೆಯಲ್ಲಿ ಕಂದು ಕಪ್ಪಾಗಿ ಕಾಣುತ್ತದೆ,
ನೂರಕ್ಕೆ ಹದಿನೇಳು ಪೊಟ್ಟಣ ಮರಳಿ ಬರುತ್ತವೆ.
ಎಡ: ಮಾಲೀಕ ಕ್ಸಾವೆರಿಗೆ ರಾತ್ರಿ ಎರಡಕ್ಕೆ ಹೊಸ ಉಪಾಯ ಹೊಳೆಯುತ್ತದೆ,
ಬೆಳಿಗ್ಗೆ ಎಂಟಕ್ಕೆ ಜಾಲತಾಣ ಮಲಗಿರುತ್ತದೆ.
(ಇದನ್ನು ಆಮೇಲೆ ಹೊಡೆದುಹಾಕಿದೆ. ಕಾಫಿ ಕೊಟ್ಟಿದ್ದ.)

ವಾಪಸಾತಿ ಕೋಣೆಯಲ್ಲಿ ಬೊಗುಮೀವಾ.
ಸತುವಿನ ಮೇಜು, ಸೋರುವ ಕಿಟಕಿ, ಉಣ್ಣೆಯ ಅರೆಗೈಗವಸು.
ಗುಂಡಿಯೊಂದನ್ನೆತ್ತಿ ಮೇಲ್ದುಟಿಗೆ ತಾಗಿಸುತ್ತಾಳೆ.
ತಣ್ಣಗಿದ್ದರೆ ಚಿಪ್ಪು.
ಇಲ್ಲದಿದ್ದರೆ, ಆಕೆ ಏನೂ ಹೇಳುವುದಿಲ್ಲ, ಬುಟ್ಟಿಗೆ ಹಾಕುತ್ತಾಳೆ.
ತಾಂಪೆರೆಯಿಂದ ಯಾರೋ ಸತ್ತ ಗಂಡನ ಕೋಟಿನ ಚಿತ್ರ ಕಳಿಸಿದ್ದಾರೆ,
ಮೇಲಿನಿಂದ ಮೂರನೆಯದು ಇಲ್ಲ.
ಎದ್ದು ಹೋದಳು. ಎಂಬತ್ತನಾಲ್ಕನೇ ಕಪಾಟು, ಬೆಣ್ಣೆ ಬಿಸ್ಕತ್ತಿನ ಡಬ್ಬಿ.
ಆ ಡಬ್ಬಿ ಕಂಪ್ಯೂಟರಿನಲ್ಲಿಲ್ಲ.
ಅಂಥವು ಎಷ್ಟಿವೆ?
ಕೈಯಲ್ಲಿ ತೋರಿಸಿದಳು, ಗೋಡೆಯಿಂದ ಗೋಡೆಗೆ.

ಬಲಕ್ಕೆ ಬರೀರಿ, ಎಂದ ಕ್ಸಾವೆರಿ, ಜನ ಮತ್ತೆ ಬರೋದೇ ಆಕೆಗಾಗಿ.
ಮಾರ್ಚಿಗೆ ನಿವೃತ್ತಿ, ಎಂದಳು ಆಕೆ, ಬುಟ್ಟಿಯಿಂದ ತಲೆಯೆತ್ತದೆ.

ಪೆನ್ನು ಗೆರೆಯ ಮೇಲೆಯೇ ನಿಂತಿತು, ಶಾಯಿ ಕಚ್ಚಿತು.
ಬ್ಯಾಂಕಿನ ನಮೂನೆಯಲ್ಲಿ ಗೆರೆಗೆ ಜಾಗವಿಲ್ಲ.
ಎಡಕ್ಕೆ ಬರೆದೆ: ಒಬ್ಬ ವ್ಯಕ್ತಿಯ ಮೇಲೆ ಅವಲಂಬನೆ, ಅತಿ ಹೆಚ್ಚು.
ಏಪ್ರಿಲಿಗೆ ಇಲ್ಲೊಂದು ಗುಂಡಿ ಬೀಳಲಿದೆ,
ಹೊಲಿಯುವಂಥದ್ದಲ್ಲ, ಕಾಲು ಜಾರುವಂಥದ್ದು
ಎಂದು ಬರೆಯಲಾಗಲಿಲ್ಲ.

ಟ್ರಾಮಿನಲ್ಲಿ ಕೂತು ಕೋಟಿನ ತೋಳು ನೋಡಿದೆ.
ಎರಡು ವರ್ಷದಿಂದ ಖಾಲಿಯಿದ್ದ ಕಡೆ
ಕೊಂಬಿನದೊಂದು, ಉಳಿದ ಮೂರರ ಒಡಹುಟ್ಟು.
ಗೂಟಕ್ಕೆ ನೇತುಹಾಕಿದ್ದೆನಲ್ಲ, ಊಟದ ಹೊತ್ತಿಗೆ.
ರಸೀದಿಯಿಲ್ಲ. ದಾಸ್ತಾನಿನಲ್ಲಿ ಒಂದು ಕಡಿಮೆ.
ನಿಯಮದ ಪ್ರಕಾರ ಇದೂ ಎಡಕ್ಕೆ ಹೋಗಬೇಕು.

ಹಾಳೆ ಮಡಚಿದೆ.
ಗುಂಡಿ ಹಾಕಿಕೊಂಡೆ. ಚಳಿಯಿತ್ತು.