ಆಡಮ್ಸ್ ಬೀದಿಯ ತಲೆಯೆಣಿಕೆ

ಒಹಾಯೊದ ಟೊಲೀಡೊ. ನವೆಂಬರಿನ ಒಂದು ಗುರುವಾರ.
ಬೆಳಗ್ಗೆ ಏಳಕ್ಕೆ ಮಡಚುವ ಕುರ್ಚಿ ಬಿಡಿಸಿ ಕೂತೆ,
ಅಂಗೈಯಲ್ಲಿ ಕಟಕ್ ಅನ್ನುವ ಯಂತ್ರ.
ದಾಟಿದ ತಲೆಗೊಂದು ಕಟಕ್, ದಿನದ ಕೂಲಿ.
ನಾಯಿ ಲೆಕ್ಕಕ್ಕಿಲ್ಲ. ಕಾರಿನೊಳಗೆ ಕೂತವರು ಇಲ್ಲ.
ನೀನೂ ಇಲ್ಲ, ಅಂದಿದ್ದಳು ಮೇಲ್ವಿಚಾರಕಿ ಬ್ರಾನ್ವಿನ್.

ಈ ಊರಿಗೊಂದು ನಡು ಇದೆಯೋ ಇಲ್ಲವೋ
ನಗರಸಭೆಗೆ ತಿಳಿಯಬೇಕಂತೆ.
ನಕ್ಷೆಯಲ್ಲಂತೂ ಇದೆ: ಕೆಂಪು ಪೆನ್ಸಿಲಿನ ಸುತ್ತು,
ಕಾಫಿ ಲೋಟ ಇಟ್ಟು ಎಳೆದಷ್ಟು ದುಂಡಗೆ.

ಮೌಮೀ ನದಿಯ ಗಾಳಿ
ಎಂಟು ಪಾರ್ಕಿಂಗ್ ಬಯಲುಗಳನ್ನು
ಯಾರ ಅಡ್ಡಿಯೂ ಇಲ್ಲದೆ ದಾಟಿ ಬಂದು
ನನ್ನ ಕಿವಿ ಹಿಂಡಿತು.

ಎಂಟರಿಂದ ಒಂಬತ್ತು: ನಾನೂರ ಹನ್ನೆರಡು.
ಕೊರಳಿಗೆ ಗುರುತುಚೀಟಿ ತೂಗಿಕೊಂಡು
ಗ್ಯಾರೇಜಿನಿಂದ ಲಿಫ್ಟಿಗೆ
ಕೊಳವೆಯೊಳಗಿನ ನೀರಿನಂತೆ ಹೋದರು,
ಒಂದು ಹನಿಯೂ ಬೀದಿಗೆ ಚೆಲ್ಲಲಿಲ್ಲ.

ಹತ್ತಕ್ಕೆ ಒಬ್ಬ ಬಾಡಿಗೆ ಕಾರಿನ ಗಾಜಿಳಿಸಿ,
"ಡೌನ್‌ಟೌನಿಗೆ ದಾರಿ ಯಾವುದು?"
"ಅದರಲ್ಲೇ ಇದ್ದೀರಿ."
ಎಡಕ್ಕೆ ನೋಡಿದ, ಬಲಕ್ಕೆ ನೋಡಿದ,
ಕೊನೆಗೆ ನನ್ನನ್ನು ನೋಡಿದ, ಪಾಪ ಅನ್ನುವ ಹಾಗೆ,
ಮತ್ತೆ ಮುಂದಕ್ಕೆ ಹುಡುಕಿಕೊಂಡು ಹೋದ.

ನನ್ನಜ್ಜಿ ಸ್ಟೆಫಾನಿಯಾ ಲಗ್ರಾಂಜ್ ಬೀದಿಯಿಂದ
ಟ್ರಾಮು ಹತ್ತಿ ಇಲ್ಲಿಗೆ ಬರುತ್ತಿದ್ದಳು,
ಬಿಳಿ ಕೈಗವುಸು ತೊಟ್ಟು, ತುಟಿಗೆ ಬಣ್ಣ ಹಚ್ಚಿ.
ಏನು ಕೊಳ್ಳಲು? ಏನೂ ಇಲ್ಲ.
ಐದು ಮಹಡಿಯ ಅಂಗಡಿಯಲ್ಲಿ ಟೋಪಿಗಳನ್ನು ತಲೆಗಿಟ್ಟು ತೆಗೆದು
ಗೊತ್ತಿಲ್ಲದವರಿಗೆ ಚೆನ್ನಾಗಿದೆ ಅಂದು
ಕತ್ತಲಾಗುವ ಮೊದಲು ಹಿಂದಿರುಗುತ್ತಿದ್ದಳು.
ಆ ಅಂಗಡಿಯ ಜಾಗದಲ್ಲೇ ಈಗ ಹಳದಿ ಗೆರೆ ಹೊಡೆದ ಡಾಂಬರು.
ನಾನು ಕೂತಿರುವುದು ಬಹುಶಃ ಟೋಪಿ ವಿಭಾಗದಲ್ಲಿ.

ನನ್ನ ಹಾಳೆಯಲ್ಲಿ ನಾಲ್ಕು ಅಂಕಣ:
ಕೆಲಸಕ್ಕೆ, ಕೊಳ್ಳಲಿಕ್ಕೆ, ಊಟಕ್ಕೆ, ಇತರೆ.
ಸುಮ್ಮನೆ ಬಂದವರಿಗೆ ಅಂಕಣವಿಲ್ಲ.

ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲ ಮೇಲೆ
ಬಸ್ಸು ತಪ್ಪಿದ ಇಬ್ಬರು ಹುಡುಗಿಯರು ಒಂದೇ ಇಯರ್‌ಫೋನು ಹಂಚಿಕೊಂಡು ಕೂತರು.
ಮುಂದಿನ ಬಸ್ಸು ಬಂತು. ಅದನ್ನೂ ತಪ್ಪಿಸಿಕೊಂಡರು, ಬೇಕೆಂದೇ.
ಅಂಚಿನಲ್ಲಿ ಬರೆದುಕೊಂಡೆ: ಸುಮ್ಮನೆ, ಎರಡು.

ಐದೂಕಾಲಿಗೆ ಕೊಳವೆ ಹಿಂದಕ್ಕೆ ಹರಿಯಿತು.
ಐದೂಮುಕ್ಕಾಲಿಗೆ ಬರಿದು.
ಸಿಗ್ನಲ್ ದೀಪ ಯಾರಿಗೂ ಅಲ್ಲದೆ ಹಸಿರಾಯಿತು,
ಕೆಂಪಾಯಿತು, ಮರ್ಯಾದೆ ಬಿಡದೆ.

ಆಗ, ಆರೂವರೆಗೆ,
ಹಳೇ ಗಾಜಿನ ಕಂಪನಿಯ ಕಟ್ಟಡದಿಂದ
ಒಬ್ಬ ಮನುಷ್ಯ ಮನೆಯ ಚಪ್ಪಲಿಯಲ್ಲಿ ಇಳಿದು ಬಂದ.
ಉಣ್ಣೆಯದು, ಹಿಮ್ಮಡಿ ಸವೆದದ್ದು.
ಇಪ್ಪತ್ತು ಮೈಲಿ ಕಾರು ಓಡಿಸಿ ಯಾರೂ
ಆ ಚಪ್ಪಲಿಯಲ್ಲಿ ಬರಲಾರರು.
ಮುನೀರಾ ಸಲೀಬಾಳ ಅಂಗಡಿಯಿಂದ ಈರುಳ್ಳಿ, ಒಂದೇ ಒಂದು,
ಕ್ರಿಕೆಟ್ ಚೆಂಡಿನಂತೆ ಹಿಡಿದು ದಾಟಿದ. ಕಟಕ್.
ಉಪ್ಪು ಮರೆತು ತಿರುಗಿ ಬಂದ. ಕಟಕ್.
ಮೂರನೆಯ ಸಲ ಬಸ್ಸಿಗೆ ಅಡ್ಡ ಬಿದ್ದಾಗ
ಡ್ರೈವರ್ ಲೂಷಿಯಸ್ ಬಾಗಿಲು ತೆರೆದು ಕೂಗಿದ:
"ಸಾಯೋದಾದರೆ ಬೇರೆ ರೂಟಿನಲ್ಲಿ ಸಾಯಿ, ಎಲ್ಸ್‌ವರ್ತ್!"

ಹೆಸರು ಹಿಡಿದು ಬೈದ.
ಬೆಳಗಿನಿಂದ ಆ ಬೀದಿಯಲ್ಲಿ
ಯಾರ ಹೆಸರೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹತ್ತಕ್ಕೆ ಬ್ರಾನ್ವಿನ್ ಬಂದು ಹಾಳೆ ತೆಗೆದುಕೊಂಡಳು.
ಒಟ್ಟು ಸಾವಿರದ ಒಂಬೈನೂರ ನಾಲ್ಕು.
"ಅಂಚಿನಲ್ಲಿ ಇದೇನು? ಚಪ್ಪಲಿ, ಒಂದು. ಬೈಗುಳ, ಒಂದು."
"ಗೊತ್ತಿಲ್ಲ," ಅಂದೆ, "ಬಿಡಲು ಮನಸ್ಸಾಗಲಿಲ್ಲ."
ಅವಳೂ ಹೊಡೆದುಹಾಕಲಿಲ್ಲ; ಮಡಚಿ ಜೇಬಿಗಿಟ್ಟಳು.

ನನ್ನ ಕಾರು ಹತ್ತಿರದಲ್ಲೇ ಇತ್ತು.
ಮೂರನೆಯ ಮಹಡಿಯಲ್ಲಿ ಒಂದು ಕಿಟಕಿ ಅರ್ಧ ತೆರೆದು
ಸುಟ್ಟ ಈರುಳ್ಳಿಯ ವಾಸನೆ ಬೀದಿಗಿಳಿಯುತ್ತಿತ್ತು.
ಇಷ್ಟು ಹೊತ್ತು ಮಾಡಿಯೂ ಸುಟ್ಟುಕೊಂಡನಲ್ಲ, ಪುಣ್ಯಾತ್ಮ.
ಕುರ್ಚಿ ಕಂಕುಳಲ್ಲಿ ಹಿಡಿದು
ಎದುರಿನ ಪಾದಚಾರಿ ಹಾದಿಗೆ ದಾಟಿದೆ,
ಅಲ್ಲಿಂದ ಇನ್ನೂ ಚೆನ್ನಾಗಿ ಬರುತ್ತಿತ್ತು.