ಟೈ ಸಡಿಲಿಸಿ, ಕ್ವೈನೂ ಅವರೇ

ಟೈ ಸಡಿಲಿಸಿ, ಕ್ವೈನೂ ಅವರೇ.
ಕಣ್ಣಾಸ್ಪತ್ರೆಗೆ ಯಾರಾದರೂ ಇಷ್ಟು ಬಿಗಿದು ಬರುತ್ತಾರೆಯೇ?
ಶವಯಾತ್ರೆಗಳ ಮುಂದೆ ಟ್ರಾಂಬೋನ್ ಊದಿ
ಸೆಕೊಂಡಿಯ ಅರ್ಧ ಊರನ್ನು ಮಣ್ಣಿಗೆ ಮುಟ್ಟಿಸಿದ ಕುತ್ತಿಗೆ,
ಗೊತ್ತು. ಆದರೂ ಗುಂಡಿ ಬಿಚ್ಚಿ.
ಕೊರಳಿಗೆ ಬಿಗಿದದ್ದು ಕಣ್ಣಿಗೆ ಏರುತ್ತದೆ.

ಮೊದಲ ಸಲ ಇಪ್ಪತ್ತಾರು.
ಬರೆದುಕೊಳ್ಳಲಿಲ್ಲ ನಾನು.
ಬಾಗಿಲಲ್ಲಿ ನಿಂತ ನಿಮ್ಮ ಸೊಸೆ ಅಡ್ವೊವಾ
ಎಷ್ಟು ಎಂದಳು. ತಾಳಮ್ಮ ಎಂದೆ.

ಕಾಲರ್ ಬಿಚ್ಚಿದ ಮೇಲೆ ಇಪ್ಪತ್ತಮೂರು.
ಈಗ ಉಸಿರು ಬಿಡಿ.
ನಲವತ್ತು ವರ್ಷದ ಚಾಳಿ, ಉಸಿರು ಕಟ್ಟಿ ಕೂತಿದ್ದೀರಿ
ಎತ್ತರದ ಸ್ವರ ಇನ್ನೇನು ಬರುತ್ತದೆಂಬ ಹಾಗೆ.
ಇಲ್ಲಿ ಸ್ವರವಿಲ್ಲ.
ಇರುವುದು ಒಂದು ನೀಲಿ ಬೆಳಕು, ಅದರೊಳಗೆ
ನನಗೆ ಮಾತ್ರ ಕಾಣುವ ಎರಡು ಹಸಿರು ಒಡೆದ ಬಳೆ.
ಒಂದರ ಒಳಅಂಚು ಇನ್ನೊಂದರ ಒಳಅಂಚನ್ನು
ತಾಕಿತೋ ಇಲ್ಲವೋ ಅನ್ನುವಲ್ಲಿ ಕೈ ನಿಲ್ಲಬೇಕು.
ನಿಮ್ಮ ನಾಡಿ ಅಲ್ಲಿಯೂ ಬಂದು ಕುಣಿಯುತ್ತದೆ;
ಬಳೆಗಳು ಕೂಡುತ್ತವೆ, ಅಗಲುತ್ತವೆ,
ಆ ಕುಣಿತದ ನಡುವೆ ಎಲ್ಲೋ ನಿಮ್ಮ ಅಂಕಿ.

ಬಣ್ಣ ಹೆಚ್ಚಿದರೆ ಬಳೆ ದಪ್ಪ, ಅಂಕಿಯೂ ದಪ್ಪ.
ರೆಪ್ಪೆ ಎತ್ತುವ ನನ್ನ ಹೆಬ್ಬೆರಳು
ಹುಬ್ಬಿನ ಎಲುಬು ಬಿಟ್ಟು ಗುಡ್ಡೆಯ ಮೇಲೆ ಊರಿದರೆ
ನಾನು ಅಳೆದದ್ದು ನನ್ನ ಹೆಬ್ಬೆರಳನ್ನೇ.
ಕಲಿಯುವ ವರ್ಷ ಎಷ್ಟು ಜನರ ಕಣ್ಣಲ್ಲಿ
ನನ್ನನ್ನೇ ಅಳೆದು ಬರೆದೆನೋ!

ಹರ್ಮಟಾನ್ ಧೂಳು, ನಿಜ, ಕಿವುಚಬೇಡಿ ಕಣ್ಣು.
ಕಿವುಚಿದ್ದೂ ಲೆಕ್ಕಕ್ಕೆ ಬೀಳುತ್ತದೆ.

ಈ ಯಂತ್ರ ನನಗಿಂತ ಎರಡು ವರ್ಷ ದೊಡ್ಡದು.
ಸೋಮವಾರ ಸೋಮವಾರ ಅದರ ಪಕ್ಕೆಗೆ ಉಕ್ಕಿನ ಸರಳು ಸಿಕ್ಕಿಸಿ
ಸೊನ್ನೆಗೆ ಸೊನ್ನೆ, ಎರಡಕ್ಕೆ ಎರಡು, ಆರಕ್ಕೆ ಆರು
ಹೇಳುತ್ತೀಯೇನಪ್ಪಾ ಎಂದು ಕೇಳಬೇಕು.
ಹೋದ ಸೋಮವಾರ ರಜೆ. ಕೇಳಲಿಲ್ಲ.

ಹದಿನೆಂಟು!
ಅಡ್ವೊವಾ ಬಾಗಿಲಲ್ಲೇ ಒಂದು ಹೆಜ್ಜೆ ಕುಣಿದಳು,
ನನ್ನ ಕೈ ಪೆನ್ನಿನ ಕಡೆ ಹೋಯಿತು.
ಬೇಕಾದ ಅಂಕಿ ಬಂದೊಡನೆ ನಿಲ್ಲುವ ಕೈ ಇದು,
ಇದರ ತಪ್ಪನ್ನು ಯಾವ ಸರಳೂ ಹಿಡಿಯದು.
ಮೂರು ಸಲ ಒತ್ತಿಸಿಕೊಂಡ ಕಣ್ಣೂ ಅಷ್ಟೆ,
ಕೇಳಿ ಕೇಳಿ ಬೇಸತ್ತು ಹೂಂ ಅನ್ನುವವರಂತೆ
ಸ್ವಲ್ಪ ಇಳಿದು ಕೊಡುತ್ತದೆ.

ಇನ್ನೊಂದು ಕಡ್ಡಿಯಿದೆ, ಹೊಸದು,
ಕಣ್ಣಿನ ಮೇಲಿನ ಗಾಜು ಎಷ್ಟು ದಪ್ಪವೆಂದು ಹೇಳುವುದು.
ನಿಮ್ಮದು ನಾನೂರ ಎಪ್ಪತ್ತಾರು. ತೆಳು.
ನಿಮ್ಮ ಡೋಲಿನವನನ್ನು ಕೇಳಿ:
ತೆಳು ಚರ್ಮ ಬೆರಳಿಟ್ಟರೆ ತಗ್ಗುತ್ತದೆ,
ಒಳಗೆ ಎಷ್ಟು ಬಿಗಿಯಿದೆಯೆಂದು ಬಾಯಿಬಿಡದೆ.
ಹದಿನೆಂಟು ಹದಿನೆಂಟಲ್ಲ ಹಾಗಾದರೆ.
ಎಷ್ಟು ಕೂಡಿಸಬೇಕು? ಗೋಡೆಯಲ್ಲೊಂದು ಪಟ್ಟಿಯಿತ್ತು,
ನಂಬಬೇಡಿ ಎಂದು ಡಾಕ್ಟರ್ ಬಿನ್ನಿ ಹರಿದು ಹಾಕಿದರು.

ಅದೂ ಅಲ್ಲದೆ ನೀವು ಬರುವುದು ಸದಾ ಮಧ್ಯಾಹ್ನ,
ಎರಡು ಟ್ರೋಟ್ರೋ ಬದಲಿಸಿ.
ಒತ್ತಡ ಏರುವುದು ಮಲಗಿದ ಮೇಲೆ,
ದೋಣಿಗಳು ಕಡಲಿಗೆ ಬೀಳುವ ನಸುಕಿನಲ್ಲಿ.
ಆ ಹೊತ್ತಿನ ನಿಮ್ಮನ್ನು ಕಂಡವರು ಯಾರೂ ಇಲ್ಲ.

ನಿಮ್ಮ ಅಣ್ಣ ಫೀಫಿ ಇದೇ ಕುರ್ಚಿಯಲ್ಲಿ ಕೂತು
ಹದಿನೇಳು, ಹದಿನೆಂಟು, ಮತ್ತೆ ಹದಿನೇಳು
ಬರೆಸಿಕೊಂಡು ನಗುತ್ತ ಹೋದವರು.
ಆ ಅಕ್ಷರ ನನ್ನದು.
ಈಗ ನೀವು ಊದಿದರೆ ಮಾತ್ರ ಅವರಿಗೆ ನೀವು.

ಬರೆಯುತ್ತೇನೆ ಹದಿನೆಂಟು. ಪಕ್ಕದಲ್ಲೇ ಬರೆಯುತ್ತೇನೆ
ಟೈ ಬಿಚ್ಚಿ, ಮೂರನೆಯ ಸಲ, ತೆಳು,
ಎರಡೂವರೆ ಗಂಟೆ, ಸರಳು ಹಾಕಿಲ್ಲ.
ಚೀಟಿ ಸಾಲದೆ ಅಂಚಿನಲ್ಲಿ ತಿರುಗಿಸಿ ಬರೆದಿದ್ದೇನೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಬನ್ನಿ.
ಕೆಂಕೆ ತಿನ್ನಿ, ನೀರು ಮಾತ್ರ ಗಟಗಟ ಬೇಡ.
ಟ್ರಾಂಬೋನನ್ನೂ ತನ್ನಿ.
ಊದುವ ಮೊದಲು ಒಮ್ಮೆ, ಊದಿದೊಡನೆ ಒಮ್ಮೆ
ನೋಡಬೇಕು ನಾನು.
ವಾರ್ಡಿನವರು ಎದ್ದರೆ ಏಳಲಿ.