ಮೊಸರಿನ್ಯಾಗಿನ ಕಲ್ಲು

ಕೊಪ್ಪೀಕರ ರೋಡಿನ ಗಡಿಯಾರ ರಿಪೇರಿ ಅಂಗಡಿ ಮ್ಯಾಲ
ನಮ್ಮ ಆಫೀಸು. ಕುಬಸದ ಸರ್ ಶಟರ ಅರ್ಧ ಇಳಿಸಿ ಹೋಗ್ಯಾರ:
“ಇವತ್ತ ಎರಡೂ ಕೂಡಿಸಿಬಿಡು ನೀಲಾ,
ಒಂದರ ಮಾತು ಒಂದಕ್ಕ ತಿಳೀಲಿ.”

ಎರಡು ಅಂದ್ರ ಇವು.
ಒಂದು, ಬರಿಯೂ ಎಡಿಟರ. ನಾ ಅರ್ಧ ಸಾಲು ಬರದ್ರ
ಉಳದದ್ದು ಬೂದಿಬಣ್ಣದಾಗ ತಾನ ಬರದು
ಟ್ಯಾಬ್ ಒತ್ತತೀಯೇನು ಅಂತ ಕಾಯತೈತಿ,
ಬೀಗರ ಮನ್ಯಾಗ ಸಾಕು ಸಾಕು ಅನ್ನೂದರಾಗ
ತಾಟಿಗೆ ಬಿದ್ದ ಇನ್ನೊಂದು ಹೋಳಿಗಿ ಹಂಗ.
ಇನ್ನೊಂದು, ಕೋಡ್ ಪರೀಕ್ಷೆ ಮಾಡೂ ಟೂಲ್.
ಇದಕ್ಕ ಬರಿಯಾಕ ಬರೂದಿಲ್ಲ, ಒಂದಕ್ಷರಾನೂ.
ಮೊಸರಿನ್ಯಾಗ ಕಲ್ಲು ಹುಡುಕೂದೊಂದ ಉದ್ಯೋಗ:
ಈ ಫಂಕ್ಷನ್ ಉದ್ದಾತು. ಈ ಮಾತು ಎರಡ ಸಲ ಬಂತು.
ಇದನ್ನ ಬರದೀರಿ, ಯಾರೂ ಕರಿಯೂದಿಲ್ಲ.

ವರ್ಷೊಪ್ಪತ್ತು ಇವೆರಡರ ನಡುವ ನಾನ ಟಪಾಲಿನಾಕಿ.
ಅದು ಬೈದದ್ದು ಓದಿ, ಇದಕ್ಕ ನಯವಾಗಿ ಹೇಳಿ,
ಇದು ತಿದ್ದಿದ್ದನ್ನ ಒಯ್ದು ಮತ್ತ ಅದರ ಮುಂದ ಇಟ್ಟು.

ಕೂಡಿಸೂದೇನು ಭಾಳಿಲ್ಲ. ಒಂದು ಫೈಲು, ಏಳೆಂಟು ಸಾಲು,
ಸರ್ವರಿನ ವಿಳಾಸ, ನಲವತ್ತಕ್ಷರದ ಟೋಕನ್.
ಮೊದಲನೇ ಸಲ ಕೆಂಪು ಚುಕ್ಕಿ. ಎರಡನೇ ಸಲಾನೂ.
ಕಡೀಕ ನೋಡಿದ್ರ ಟೋಕನ್ನಿನ ಬಾಲಕ್ಕ ಒಂದು ಖಾಲಿ ಜಾಗ,
ಗಿರ್ಮಿಟ್ಟಿನ ಚುರಮುರಿ ಸೆರಗಿಗೆ ಅಂಟಿದಂಗ.
ಅಳಿಸಿದೆ. ಹಸರು.
“ಸಂಪರ್ಕ ಯಶಸ್ವಿಯಾಗಿದೆ.”

ಹಾಲಿನ ಸಂಘಗಳ ಲೆಕ್ಕದ ಪ್ರೋಗ್ರಾಮು ನಮ್ಮದು.
ನಸಕಿನ್ಯಾಗ ಕ್ಯಾನು ಬರತಾವು, ಮೀಟರು ಫ್ಯಾಟ್ ತೋರಸತೈತಿ,
ಫ್ಯಾಟಿಗೆ ತಕ್ಕ ದರ, ದರಕ್ಕ ತಕ್ಕ ಚೀಟಿ.
ಅದರಾಗ ನೂರಾ ಹದಿನೆಂಟು ತಪ್ಪು ಅಂತು ಟೂಲು.
ಅದು ಅಂದದ್ದ ತಡ, ಇದು ತಿದ್ದಿತು; ಅದು ಮತ್ತ ನೋಡಿತು,
ಇದು ಮತ್ತ ತಿದ್ದಿತು. ನನ್ನ ಯಾರೂ ಕೇಳಲಿಲ್ಲ.
ತೊಂಬತ್ತು.
ನಲವತ್ತೊಂದು.
ಆರು. ಸೊನ್ನಿ.

ಆಮ್ಯಾಲ ಒಂದು ಪ್ರಶ್ನೆ:
“೨೧೨ನೇ ಸಾಲಿನಲ್ಲಿ ಒಂದು ಎಚ್ಚರಿಕೆಯ ಬಾಯಿ ಮುಚ್ಚಿಸಲಾಗಿದೆ.
ಹಾಗೆಯೇ ಇರಲೇ?”

ಮುಚ್ಚಿಸಲಾಗಿದೆ. ಕರ್ಮಣಿ ಪ್ರಯೋಗ. ಮುಚ್ಚಿಸಿದವರು ಯಾರಂತ ಇಲ್ಲ.
ಹೆಸರು ಬಾಜೂಕ ಇತ್ತು, ಸಣ್ಣಕ್ಷರದಾಗ: ನೀಲಾಂಬಿಕಾ.
ಶ್ರಾವಣದ ಒಂದು ಶುಕ್ರವಾರ, ಸಂಜಿ ಆರೂ ನಲವತ್ತು.
ದಶಾಂಶ ಹಿಡಕೊಂಡು ಸಮ ಐತೇನು ಅಂತ ಕೇಳಬ್ಯಾಡ ಅಂದಿತ್ತು ಅದು.
ಮರುದಿನ ಡೆಮೋ. “ಏ, ಸುಮ್ಮನಿರ” ಅಂತ
ಸಾಲಿನ ಕೊನಿಗೆ ಒಂದು ಪದ ಹಾಕಿ ಬಸ್ಸಿಗೆ ಓಡಿದ್ದೆ.

ಮೀಟರು ನಾಕು ಪಾಯಿಂಟ್ ಒಂದು ಅಂತೈತಿ.
ಮೀಟರಿನ ಸೊಕ್ಕು ಸೊನ್ನಿ ಪಾಯಿಂಟ್ ಒಂದು, ಅದನ್ನ ಕಳೀಬೇಕು.
ಕಳದ್ರ ನಾಕು, ನಮ್ಮ ನಿಮ್ಮ ಲೆಕ್ಕದಾಗ.
ಮಷೀನಿನ ಹೊಟ್ಯಾಗ ಮೂರು ಪಾಯಿಂಟ್
ಒಂಬತ್ತು ಒಂಬತ್ತು ಒಂಬತ್ತು, ಹದಿನೈದು ಒಂಬತ್ತು, ಕಡೀಕೊಂದು ಆರು.
ನಾಕಕ್ಕ ಸಮ ಅಲ್ಲ. ಕೆಳಗಿನ ದರಕ್ಕ ಇಳೀತು.
ಲೀಟರಿಗೆ ಮೂವತ್ತು ಪೈಸೆ.

ಬ್ಯಾಹಟ್ಟಿ ಇಮಾಂಬಿ ನದಾಫ ಚೀಟಿ ಹಿಡಕೊಂಡು
ಮೂರ ಸಲ ಸಂಘಕ್ಕ ಬಂದಿದ್ಲಂತ.
ಕಾರ್ಯದರ್ಶಿ ಫೋನಿನ್ಯಾಗ ನಕ್ಕೋತ ಹೇಳಿದ್ದ:
“ಮುದುಕಿ ಪೈಸೇಕ ಜೀವಾ ತಿಂತಾಳ್ರಿ ಮೇಡಮ್,
ಮೊಸರಿನ್ಯಾಗ ಕಲ್ಲು ಹುಡುಕತಾಳ.”
ನಾನೂ ನಕ್ಕಿದ್ದೆ.
ಮಷೀನ್ ತಪ್ಪಂಗಿಲ್ರಿ ಅಂದಿದ್ದೆ.

ಕೊನಿಯ ಆ ಪದ ಅಳಿಸಿದೆ. ಸೊನ್ನಿ ಹೋಗಿ ಒಂದಾತು, ಕೆಂಪಗ.
ಎಡಿಟರ ಆಗಲೆ ತಯಾರ: ಬೂದಿಬಣ್ಣದ ನಾಕು ಸಾಲು.
ಎರಡೆರಡ ಸಲ ಓದಿದೆ, ಸರಿ ಇದ್ದವು, ಟ್ಯಾಬ್ ಒತ್ತಿದೆ.
ನಾಳಿನ ಹಾಲಿಗೆ ಅಷ್ಟು ಸಾಕು.
ಐದು ತಿಂಗಳ ಹಿಂದಿನ ಹಾಲಿಗೆ ಏನಂತೀ ಅಂತ ಕಾದೆ.
ಕರ್ಸರು ಮಿಣಕ್ ಮಿಣಕ್ ಅಂದದ್ದಷ್ಟ.

ಕಡೀ ಚಿಗರಿ ಬಸ್ಸು ಧಾರವಾಡದ ಕಡೆ ಹೋಗೇತಿ.
ಕೆಳಗ ಮುಚ್ಚಿದ ಅಂಗಡ್ಯಾಗ ಗಡಿಯಾರ ಹನ್ನೊಂದು ಬಡೀತಾವು,
ಒಂದು ಮುಗಿಸೂದರಾಗ ಇನ್ನೊಂದು, ಯಾವೂ ಸಮ ಇಲ್ಲ.
ನಾ ಹಳೇ ಚೀಟಿ ತಗದು ಕುಂತೇನಿ, ಶ್ರಾವಣದಿಂದ:
ಇಮಾಂಬಿ, ಮುಂಜಾನೆ, ಎರಡೂವರಿ ಲೀಟರು.
ಇಮಾಂಬಿ, ಸಂಜಿ,